ಸರ್ದೋಬಾದೊಳಗೆ ತುಂಡಿಲ್ಲದ ಹಾಡು

ಕರ್ಶಿಯ ಬಯಲಿನಲ್ಲಿರುವ ನಮ್ಮೂರ ಸರ್ದೋಬಾ, ಗುಮ್ಮಟ ಹೊದ್ದ ಹಳೆಯ ಇಟ್ಟಿಗೆಯ ನೀರುತೊಟ್ಟಿ. ನೀರು ಬತ್ತಿ ಅರವತ್ತು ವರ್ಷಗಳಾದ ಮೇಲೆ ಅದರೊಳಗೆ ಉಳಿದದ್ದು ಮಾರ್ದನಿಯೊಂದೇ. ಅಲ್ಲಿ ಆಡಿದ ಮಾತು ಒಂಬತ್ತು ಎಣಿಸುವವರೆಗೂ ಸುತ್ತುತ್ತದೆ. ಈ ಹಾಡು ನಡೆದ ಮರುದಿನ ಕೆಲಸಗಾರರು ಬಂದು ಒಳಗೆ ಮರದ ಅಟ್ಟ ಕಟ್ಟುವವರಿದ್ದರು. ಆಮೇಲೆ ಆ ಮಾರ್ದನಿ ಇರುವುದಿಲ್ಲ. ಅದನ್ನು ತಿಳಿದೇ ಹಾಡುಗಾರ್ತಿ ಮುನಿಸಾ ತನ್ನ ವಾದ್ಯತಂಡದೊಡನೆ ತಾಷ್ಕೆಂಟಿನಿಂದ ಬಂದಿದ್ದಳು.

ಹಾಡಲೆಂದು ಕಟ್ಟದ ತಾಣಗಳಲ್ಲಿ ನಿಂತು ಹಾಡಿ, ಅದನ್ನು ಚಿತ್ರೀಕರಿಸುವುದು ಅವರ ವ್ರತ. ಒಂದೇ ಓಟ; ಮಧ್ಯೆ ಕತ್ತರಿ ಆಡಿಸುವಂತಿಲ್ಲ. ಗುಮ್ಮಟದ ನೆತ್ತಿಯ ಕಿಂಡಿಯಿಂದ ಬಿಸಿಲಕೋಲು ಇಳಿಯುವುದು ನಡುಹಗಲಿನಲ್ಲಿ ಕಾಲುಗಂಟೆ ಮಾತ್ರ. ಅವರಿಗಿದ್ದದ್ದು ಅಷ್ಟೇ ಅವಕಾಶ.

ಊರಿನ ಹಿರಿಯರೂ ಬಂದು ಗೋಡೆಯುದ್ದಕ್ಕೂ ಕುಳಿತರು. ಬಂದವರನ್ನು ಹೊರಡಿ ಎನ್ನುವ ರೂಢಿ ನಮ್ಮಲ್ಲಿಲ್ಲ.

ಪಕ್ಕದಲ್ಲಿ ಕುಳಿತ ಹಿರಿಯಣ್ಣನನ್ನು ನಾನು ಎಚ್ಚರಿಸಿದೆ: "ಖೊಲ್ಮತ್ ಅಕಾ, ಕೆಮ್ಮು ಬಂದ್ರೆ ನುಂಗಿಕೊಳ್ಳಿ."

"ನನ್ನ ಕೆಮ್ಮನ್ನ ಬಿಡಿ, ಡೊಮ್ಲಾ. ನೀವು ಪಾಠ ಶುರು ಮಾಡ್ದೇ ಇದ್ರೆ ಸಾಕು."

ನಲವತ್ತು ವರ್ಷ ಮಕ್ಕಳಿಗೆ ಪವಿತ್ರ ಗ್ರಂಥದ ಪಠಣ ಕಲಿಸಿದ ಡೊಮ್ಲಾ, ಅಂದರೆ ಗುರು, ನಾನು. ಎಲ್ಲರೂ ನಕ್ಕರು, ಆ ನಗೆಯೂ ಒಂಬತ್ತರವರೆಗೆ ಸುತ್ತಿತು.

ಬಿಸಿಲಕೋಲು ನೆಲ ಮುಟ್ಟಿತು. ತಂಡದ ಗೆನ್ನಾದಿ ಪಾಕ್ ಎಂಬ ಕೊರಿಯನ್ ಮೂಲದವನು ಕ್ಯಾಮೆರಾವನ್ನು ಹೆಗಲಿಗೇರಿಸಿದನು. ಮುನಿಸಾ ಹಾಡಿದಳು, ಊಕ್ತಮ್ ಕೋಲುಗಳಿಂದ ಡ್ರಮ್ಮನ್ನು ಮೆಲ್ಲನೆ ತಟ್ಟಿದನು. ಹಾಡು ಏರಿ, ಬಳಲಿ, ಇಳಿದು, ಕೊನೆಯ ಚರಣಕ್ಕೆ ಮುನ್ನ ನಿಂತಿತು. ಆ ಮೌನವು ಹಾಡಿನದೇ ಭಾಗವೆಂದು ನನಗೆ ಮೊದಲೇ ಹೇಳಿದ್ದರು. ಆದರೂ ಅದು ಇಳಿದ ಬಗೆ, ಪ್ರಾರ್ಥನೆಯೊಂದು ಮುಗಿದು ಕೇಳುವವರು ಕಾದಿರುವ ಗಳಿಗೆಯನ್ನೇ ಹೋಲುತ್ತಿತ್ತು. ನನ್ನ ಅಂಗೈಗಳು ತಾವಾಗಿ ಮೇಲೆದ್ದವು. "ಓಮಿನ್", ಹಾಗೇ ಆಗಲಿ, ಎಂದುಬಿಟ್ಟೆ.

ಗೋಡೆಯುದ್ದಕ್ಕೂ ಓಮಿನ್ ಎದ್ದಿತು. ಹಿರಿಯರೆಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡರು. ಊಕ್ತಮನೂ ಕೈಯೆತ್ತಿದನು, ಕೋಲುಗಳೆರಡೂ ಜಾರಿ ಇಟ್ಟಿಗೆಯ ಮೇಲೆ ಉರುಳಿದವು. ಮುನಿಸಾ ಸಹ ಮುಖ ಸವರಿಕೊಂಡಳು. ಕೈಯೆತ್ತದವನು ಗೆನ್ನಾದಿ ಒಬ್ಬನೇ. ಅದು ಅವನ ಮನೆಯ ರೂಢಿಯಲ್ಲ. ಕ್ಯಾಮೆರಾ ಕದಲಲಿಲ್ಲ.

ಕೋಲುಗಳ ಸದ್ದು ಮೇಲೆ ಸುತ್ತುತ್ತಿರುವಾಗಲೇ ಮುನಿಸಾ ಕೊನೆಯ ಚರಣವನ್ನು ಎತ್ತಿಕೊಂಡು, ತಾಳವಿಲ್ಲದೆ ಹಾಡಿ ಮುಗಿಸಿದಳು. ಬೆಳಕಿನ ಕೋಲು ಗೋಡೆಯೇರಿ ಆರಿತು.

ಮೆಟ್ಟಿಲ ಮೇಲೆ ಕುಳಿತು ಅವಳು ಚಿತ್ರೀಕರಿಸಿದ್ದನ್ನು ಎರಡು ಬಾರಿ ಹಾಕಿ ಕೇಳಿದಳು.

"ಆ ಜಾಗ ಕತ್ತರಿಸಿಬಿಡು," ಎಂದನು ಊಕ್ತಮ್. "ನನ್ನ ಮರ್ಯಾದೆನೂ ಉಳಿಯತ್ತೆ."

"ಮರ್ಯಾದೆ ಉರುಳಿ ಎಲ್ಲೋ ಮೂಲೆ ಸೇರಿದೆ, ಹುಡುಕಿಕೋ. ಕತ್ತರಿಸಿದ್ರೆ ಇದು ನಮ್ಮ ಕೆಲಸಾನೇ ಅಲ್ಲ."

"ತಪ್ಪು ನನ್ನದು, ಮಗಳೇ," ಎಂದೆ.

"ನೀವು ಕಾದಿದ್ರೆ ಚೆನ್ನಾಗಿರ್ತಿತ್ತು, ಡೊಮ್ಲಾ," ಎಂದಳು, ಮುಖ ನೋಡದೆ. ಆಮೇಲೆ ನನ್ನತ್ತ ತಿರುಗಿ, "ಇದನ್ನೇ ಕೇಳುಗರಿಗೆ ಕಳಿಸ್ತೀವಿ. ಜೊತೆಗಾರರ ಪಟ್ಟಿಗೆ ನಿಮ್ಮ ಹೆಸರು ಹಾಕ್ಲಾ?"

"ಬೇಡ. ಅದು ಹಾಡಿಗೆ ಅಂದ ಮಾತಲ್ಲ."

ಅವಳು ಒತ್ತಾಯಿಸಲಿಲ್ಲ. ಊಕ್ತಮ್ ಎರಡನೆಯ ಕೋಲಿಗಾಗಿ ಒಳಗೆ ತಡಕಾಡುತ್ತಿದ್ದನು.