ಮುಖಕ್ಕೆ ಉಗಿಯುತ್ತಾಳೆ

"ಉಗಿ," ಎಂದರು ಮೇಷ್ಟ್ರು.

ಮೈಕು ಬಾಯಿ ತುಂಬಿಸಿಕೊಳ್ಳಲು ನೋಡಿದಳು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಎದುರಿಗೆ ಒಂದು ಮೊಳ ದೂರದಲ್ಲಿ ಪಿಸು ಖಾಲಿ ಬಕೆಟ್ ಹಿಡಿದುಕೊಂಡು, ಕಣ್ಣು ಅರಳಿಸಿಕೊಂಡು ಕಾಯುತ್ತಿದ್ದಳು. ಮೈಕು ತುಟಿ ಮುಂದೆ ಮಾಡಿ "ಥೂ" ಎಂದಳು. ಗಾಳಿ ಬಂತು, ಶಬ್ದ ಬಂತು, ಬೇರೇನೂ ಬರಲಿಲ್ಲ.

"ಇದು ಉಗಿಯೋದಾ? ಬಿಸಿ ಹಾಲು ಆರಿಸ್ತಾ ಇದೀಯಾ?" ಮೇಷ್ಟ್ರು ಕುರ್ಚಿಯಿಂದ ಎದ್ದರು. "ಸತ್ಯ ಎಲ್ಲಿದೆ ಇದರಲ್ಲಿ? ಆ ಕೆಲಸದವಳನ್ನ ಕಂಡ್ರೆ ಯಜಮಾನಿಗೆ ಎಷ್ಟು ಹೇಸಿಗೆ ಅನ್ನೋದು ಕಾಣಬೇಕು. ನಿನಗೆ ನಾಚಿಕೆ ಆಗ್ತಿರೋದು ಮಾತ್ರ ಕಾಣ್ತಿದೆ. ಮೂರು ವರ್ಷ ನಟನೆ ಓದಿ ಇಷ್ಟೇನಾ ಕಲಿತಿದ್ದು?"

ಆಮೇಲೆ ಅರ್ಧ ಗಂಟೆ ಬೈದರು. ನಾಟಕ ವಿಭಾಗದ ಉಳಿದ ಒಂಬತ್ತು ಜನ ವಿದ್ಯಾರ್ಥಿಗಳು ಗೋಡೆಗೊರಗಿ ಕೂತು ಕೇಳಿದರು. ಆ ತಾಲೀಮು ಕೋಣೆ ಹಿಂದೆ ವಿಶ್ವವಿದ್ಯಾಲಯದ ಹಳೆಯ ಉತ್ತರ ಪತ್ರಿಕೆಗಳನ್ನು ತುಂಬಿಡುವ ಗೋದಾಮಾಗಿತ್ತು. ಕಪ್ಪು ಬಣ್ಣ ಬಳಿದ ಮಾತ್ರಕ್ಕೆ ಅದು ರಂಗವಾಗಿಬಿಟ್ಟಿತ್ತು. ಕಿಟಕಿ ಇಲ್ಲದ ಆ ಕೋಣೆಯಲ್ಲಿ ಮೂರು ವರ್ಷದ ಬೆವರು, ಕಾಲು, ಹಳೆಯ ಚಾಪೆಗಳ ವಾಸನೆ ಗಟ್ಟಿಯಾಗಿ ಕೂತಿತ್ತು. ಅಲ್ಲಿ ಉಸಿರಾಡುವುದೇ ಒಂದು ಅಭ್ಯಾಸ. ಅದಕ್ಕೂ ಅಂಕ ಕೊಡಬಹುದಿತ್ತು.

ಮೈಕು, ಪಿಸು ಎನ್ನುವ ಹೆಸರು ಬಿದ್ದದ್ದು ಮೊದಲ ವರ್ಷದ ಧ್ವನಿ ತರಗತಿಯಲ್ಲಿ. ಒಬ್ಬಳು ಕೋಣೆಯ ಒಳಗೆ ಮಾತಾಡಿದರೆ ಹೊರಗೆ ಬಸ್ಸಿಗೆ ಕಾಯುವವರು ತಿರುಗಿ ನೋಡುತ್ತಿದ್ದರು. ಇನ್ನೊಬ್ಬಳ ಮಾತು ಮೂರನೇ ಸಾಲು ತಲುಪುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತಿತ್ತು. ಇಬ್ಬರೂ ಮೊದಲ ದಿನದಿಂದ ಜೋಡಿ. ಒಂದೇ ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿಯುವವರು. ಎಂಜಲು ಗಿಂಜಲು ಎನ್ನುವ ಲೆಕ್ಕ ಅವರಲ್ಲಿರಲಿಲ್ಲ. ಕೊನೆಯ ವರ್ಷದ ನಾಟಕದಲ್ಲಿ ಮೈಕುಗೆ ಯಜಮಾನಿಯ ಪಾತ್ರ, ಪಿಸುಗೆ ಮನೆಕೆಲಸದವಳದ್ದು. ನಾಟಕ ಹಳೆಯದು. ಮೊದಲ ದೃಶ್ಯದ ಕೊನೆಯಲ್ಲಿ ಆವರಣದೊಳಗೆ ಒಂದು ಸಾಲಿತ್ತು: ಯಜಮಾನಿ ಕೆಲಸದವಳ ಮುಖಕ್ಕೆ ಉಗಿಯುತ್ತಾಳೆ. ಕೆಲಸದವಳು ತಲೆ ತಗ್ಗಿಸಿ ನಿಲ್ಲುತ್ತಾಳೆ.

ಆ ಸಾಲು ಮೇಷ್ಟ್ರ ತಲೆಯಲ್ಲಿ ಕೂತುಬಿಟ್ಟಿತ್ತು. ಉಗಿದಂತೆ ಮಾಡುವುದಲ್ಲ, ಉಗಿಯಬೇಕು. ಅದು ಮುಖದ ಮೇಲೆ ಇಳಿಯುವುದು ಕೊನೆಯ ಸಾಲಿನವರಿಗೂ ಕಾಣಬೇಕು. ಪಿಸು ಒರೆಸಿಕೊಳ್ಳಬಾರದು. "ಹೇಸಿಗೆ ಅನ್ನೋದನ್ನ ಚಪ್ಪಲಿ ಥರ ಬಾಗಿಲ ಹೊರಗೆ ಬಿಟ್ಟು ಬನ್ನಿ," ಎಂದು ಅವರು ದಿನಾ ಹೇಳುತ್ತಿದ್ದರು. ಹೀಗೆ ಹೇಳುವ ಮೇಷ್ಟ್ರು ವಿಭಾಗದ ಲೋಟದಲ್ಲಿ ಚಹಾ ಕುಡಿಯುವವರಲ್ಲ. ಅವರದೇ ಒಂದು ಗಾಜಿನ ಲೋಟ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತಿತ್ತು. ಅದನ್ನು ತೆಗೆದು ತಾವೇ ಎರಡು ಸಲ ತೊಳೆದು, ಅಂಚನ್ನು ಕರವಸ್ತ್ರದಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಬಾಯಿಗಿಡುತ್ತಿದ್ದರು.

ಮೆಟ್ಟಿಲಿಳಿಯುವಾಗ ಪಿಸು ಮೈಕುವಿನ ಭುಜಕ್ಕೆ ತನ್ನ ಭುಜ ತಾಗಿಸಿದಳು.

"ಉಗಿದುಬಿಡೇ ಅತ್ಲಾಗೆ. ತೊಳ್ಕೊಂಡ್ರೆ ಹೋಗುತ್ತೆ. ದಿನಾ ಬಕೆಟ್ ಹಿಡ್ಕೊಂಡು ನಿಂತೂ ನಿಂತೂ ನನ್ನ ಕಾಲು ಬಿದ್ದೋಗ್ತಿದೆ."

"ನಿನಗೆ ಅಸಹ್ಯ ಆಗಲ್ವಾ?"

"ಹಲ್ಲುಜ್ಜಿಕೊಂಡು ಬಾ, ಸಾಕು," ಎಂದು ಪಿಸು ನಕ್ಕಳು. ನಗುವಾಗ ಕೆನ್ನೆಯನ್ನು ಕೈಯಿಂದ ಒಮ್ಮೆ ಸವರಿಕೊಂಡಳು. ಅಲ್ಲಿ ಇನ್ನೂ ಏನೂ ಬಿದ್ದಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಆಗಲೇ ಕೆಲಸ ಮುಗಿಸಿ ಬಂದಿದ್ದಳು. ಎಂಟು ಮಹಡಿಯ ಒಂದು ಆಫೀಸು ಕಟ್ಟಡದಲ್ಲಿ ಅವಳಿಗೆ ಮೆಟ್ಟಿಲುಗಳ ಜವಾಬ್ದಾರಿ. ಎಂಟು ಮಹಡಿ ಎಂದರೆ ಹದಿನಾರು ಮೂಲೆ. ಹದಿನಾರು ಮೂಲೆಯಲ್ಲೂ ಜನ ಉಗಿದಿರುತ್ತಿದ್ದರು. ಕಟ್ಟಡಕ್ಕೆ ಲಿಫ್ಟ್ ಇದೆ. ಜನ ಉಗಿಯುವುದಕ್ಕೆಂದೇ ಮೆಟ್ಟಿಲು ಹತ್ತುತ್ತಾರೆ ಎನ್ನುವುದು ಅಮ್ಮನ ಅನುಮಾನ. ಹೊಗೆಸೊಪ್ಪು ಅಗಿದು ಉಗಿದದ್ದು, ಕೆಮ್ಮಿ ಕ್ಯಾಕರಿಸಿದ್ದು, ಹಿಂದಿನ ದಿನದ್ದು ಒಣಗಿ ಪೊರೆ ಕಟ್ಟಿದ್ದು. ಅದನ್ನು ಮೊದಲು ಸಲಿಕೆಯಂಥ ತಗಡಿನಿಂದ ಕೆರೆಯಬೇಕು, ಆಮೇಲೆ ಆಸಿಡ್ ನೀರು, ಆಮೇಲೆ ಬ್ರಷ್ಷು. ಅವಳ ಅಂಗೈ ಒಡೆದು ಬಿರುಕು ಬಿಟ್ಟಿತ್ತು. ಈಗ ಅದಕ್ಕೆ ಎಣ್ಣೆ ಸವರುತ್ತ ಕೂತಿದ್ದಳು.

"ಯಾಕೇ ಮುಖ ಊದಿಸ್ಕೊಂಡು ಬಂದಿದೀಯಾ?"

"ಸರ್ ಉಗಿದ್ರಮ್ಮ."

"ಯಾಕೆ?"

"ನಾನು ಉಗೀಲಿಲ್ಲ ಅಂತ."

ಅಮ್ಮ ಎಣ್ಣೆ ಸವರುವುದನ್ನು ನಿಲ್ಲಿಸಿದಳು. "ಹಾಗಂದ್ರೆ ಏನೇ?"

ಮೈಕು ಎಲ್ಲ ಹೇಳಿದಳು. ಅಮ್ಮ ಕೇಳುತ್ತಾ ತನ್ನ ಅಂಗೈಯನ್ನೇ ನೋಡಿಕೊಂಡಳು.

"ನಿಜವಾಗ್ಲೂ ಉಗೀಬೇಕಾ? ಆ ಪಿಸು ಮುಖದ ಮೇಲೆ? ಮೊನ್ನೆ ಮನೆಗೆ ಬಂದು ನನ್ನ ಕೈಯಿಂದ ಪೊರಕೆ ಕಿತ್ಕೊಂಡು ಗುಡಿಸಿದ್ಲಲ್ಲ, ಆ ಮಗು ಮುಖದ ಮೇಲಾ?"

"ಹೂಂ."

"ನನಗೆ ಈಗ ಆ ಮೂಲೆ ಕೆರೆಯೋದು ಏನೂ ಅನ್ಸಲ್ಲ ಕಣೇ. ಉಗಿದೋರು ಯಾರು ಅಂತ ಗೊತ್ತಿಲ್ವಲ್ಲ, ಅದೊಂದು ಪುಣ್ಯ. ಗೊತ್ತಾಗಿದ್ರೆ ದಿನಾ ಅವರ ಮುಖ ಹೆಂಗೆ ನೋಡ್ಲಿ? ಎಲ್ಲಿ, ಆ ಪುಸ್ತಕ ಕೊಡು ಇಲ್ಲಿ."

ಪುಸ್ತಕವೆಂದರೆ ಪೂರ್ತಿ ನಾಟಕದ ಜೆರಾಕ್ಸ್. ಮನೆಯಲ್ಲಿ ಮೈಕು ಅಭ್ಯಾಸ ಮಾಡುವಾಗ ಎದುರು ಪಾತ್ರದ ಮಾತುಗಳನ್ನು ಓದುವವಳು ಅಮ್ಮನೇ. ಬೆರಳಿಟ್ಟುಕೊಂಡು, ಅಳುವ ಮಾತನ್ನೂ ನಗುವ ಮಾತನ್ನೂ ರೇಷನ್ ಚೀಟಿಯ ಹಾಗೆ ಒಂದೇ ಸಮ ಓದುತ್ತಿದ್ದಳು. ಮೊದಲ ದೃಶ್ಯದ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಹಾಳೆ ಮಗುಚುತ್ತ ಮುಂದಕ್ಕೆ ಹೋದಳು. ಮೂರನೇ ದೃಶ್ಯವನ್ನು ಮೇಷ್ಟ್ರು ನಾಟಕ ಉದ್ದವಾಯಿತೆಂದು ಕಿತ್ತುಹಾಕಿದ್ದರು, ತರಗತಿಯಲ್ಲಿ ಯಾರೂ ಅದನ್ನು ಓದಿರಲಿಲ್ಲ. ಅಮ್ಮನಿಗೆ ಅದೇನು ಗೊತ್ತು? ಬೆರಳು ನಿಧಾನವಾಗಿ ಸರಿಯಿತು.

"ಬೆಳಿಗ್ಗೆ ಅಮ್ಮಾವ್ರು ಒಂದು ಗಂಟೆ ಉಗಿದ್ರು ಕಣಕ್ಕಾ," ಎಂದು ಕೆಲಸದವಳ ಮಾತನ್ನು ಅವಳು ಓದಿದಳು. ನಿಲ್ಲಿಸಿದಳು. ಮತ್ತೆ ಓದಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಏನಮ್ಮಾ?"

"ಒಂದು ಗಂಟೆ ಯಾರಾದ್ರೂ ಉಗುಳ್ತಾರೇನೇ? ಬಾಯಲ್ಲೇನು ನಲ್ಲಿ ಇಟ್ಕೊಂಡಿದ್ಲಾ ಆ ಯಜಮಾನಿ? ಬೈದಿದಾಳೆ ಕಣೇ ಅಷ್ಟೇ! ಇವತ್ತು ನಿನಗೆ ನಿಮ್ಮ ಸರ್ ಉಗಿದ್ರಲ್ಲ, ಹಂಗೆ." ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಮೇಷ್ಟ್ರು ಎಷ್ಟು ಓದಿದಾರೆ ಅಂದೆ?"

"ಡಾಕ್ಟರೇಟ್ ಮಾಡಿದಾರೆ."

"ಓ, ಹಂಗಾ," ಎಂದಳು ಅಮ್ಮ. "ನಾಳೆ ಹೋದ ತಕ್ಷಣ ಇದನ್ನ ತೋರ್ಸು. ಆ ಮಗು ಬಚಾವಾಗ್ಲಿ."

ಮೈಕು ಆ ಹಾಳೆಯನ್ನು ಬಿಡಿಸಿಕೊಂಡು, ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ನೀರೂರಿ ಹಸಿವಾಯಿತು.

ಮರುದಿನ ತಾಲೀಮು ಕೋಣೆಯಲ್ಲಿ ಒಂದು ಹೊಸ ಕುರ್ಚಿ ಇತ್ತು. ಅದರಲ್ಲಿ ಊರಿನ ದೊಡ್ಡ ನಾಟಕ ತಂಡದ ನಿರ್ದೇಶಕಿ ಕೂತಿದ್ದರು. ಆ ತಂಡ ಪ್ರತಿವರ್ಷ ಈ ವಿಭಾಗದಿಂದ ಒಬ್ಬರನ್ನು, ಒಬ್ಬರನ್ನು ಮಾತ್ರ, ಸಂಬಳಕ್ಕೆ ತೆಗೆದುಕೊಳ್ಳುತ್ತಿತ್ತು. ಉಳಿದ ಹತ್ತು ಜನ ಪದವಿ ಹಿಡಿದುಕೊಂಡು ಅಂಗಡಿ ಲೆಕ್ಕ ಬರೆಯಲೋ ಮಕ್ಕಳ ಶಾಲೆಯಲ್ಲಿ ಹಾಡು ಹೇಳಿಕೊಡಲೋ ಹೋಗುತ್ತಿದ್ದರು. ಮೈಕು ಮೂರು ವರ್ಷದಿಂದ ಕಣ್ಣಿಟ್ಟಿದ್ದದ್ದು ಆ ಒಂದು ಜಾಗದ ಮೇಲೆ. ಅದು ಸಿಕ್ಕ ದಿನ ಅಮ್ಮನ ಆ ತಗಡನ್ನು ತಾನೇ ಮೋರಿಗೆ ಎಸೆಯುವುದಾಗಿ ಅವಳು ಎಷ್ಟೋ ಸಲ ಹೇಳಿದ್ದಳು.

ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದರು. "ಇವತ್ತು ಆಗಲಿಲ್ಲ ಅಂದ್ರೆ ಪಾತ್ರ ಉದ್ದಕ್ಕನಿಗೆ."

ಉದ್ದಕ್ಕ ಎಂದರೆ ತರಗತಿಯ ಅತಿ ಎತ್ತರದ ಹುಡುಗಿ. ಗೋಡೆಗೊರಗಿ ಕೂತಿದ್ದ ಅವಳು ಯಜಮಾನಿಯ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಾಗಿತ್ತು. ಎಂಜಲು ಊರಲೆಂದು ಈಗ ಏನೋ ಹುಳಿ ಪೆಪ್ಪರಮಿಂಟು ಚೀಪುತ್ತಿದ್ದಳು.

"ಸರ್, ಒಂದು ವಿಷಯ..." ಅವಳ ಕೈ ಚೀಲದೊಳಗೆ ಹೋಗಿ ಹಾಳೆಯನ್ನು ಮುಟ್ಟಿತ್ತು. "ಆ ಉಗಿಯುತ್ತಾಳೆ ಅನ್ನೋದು..."

"ಒಂದು ನಿಮಿಷ." ಮೇಷ್ಟ್ರು ನಿರ್ದೇಶಕಿಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು, "ಮೇಡಂ, ಇಡೀ ನಾಟಕ ನಿಂತಿರೋದೇ ಈ ಒಂದು ಉಗುಳಿನ ಮೇಲೆ. ಇಷ್ಟು ವರ್ಷ ಎಲ್ಲರೂ ಇದನ್ನ ಬರೀ ಬೈದು ಮುಗಿಸಿದಾರೆ. ಹೇಡಿಗಳು. ನಾನು ಇದರ ಮೇಲೇ ಒಂದು ಪ್ರಬಂಧ ಬರೀತಿದೀನಿ." ನಿರ್ದೇಶಕಿ ಕನ್ನಡಕ ಸರಿಮಾಡಿಕೊಂಡು ಮೆಚ್ಚುಗೆಯಿಂದ ತಲೆಯಾಡಿಸಿದರು. ಮೇಷ್ಟ್ರು ಮತ್ತೆ ಮೈಕುವಿನ ಕಡೆ ತಿರುಗಿದರು. "ಹೇಳು, ಏನು?"

ಎಲ್ಲರೂ ನೋಡುತ್ತಿದ್ದರು. ಪಿಸು ಬಕೆಟ್ ಹಿಡಿದು ತನ್ನ ಜಾಗದಲ್ಲಿ ನಿಂತಾಗಿತ್ತು. ಹಾಳೆ ಹೊರಗೆ ತೆಗೆದರೆ ಏನಾಗುತ್ತದೆ ಎನ್ನುವುದು ಮೈಕುಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಿತ್ತು. ಒಂದು ಗಂಟೆ ಉಗಿದ್ರು ಎನ್ನುವುದನ್ನು ಓದಿದರೆ ಈ ಕೋಣೆ ಬಿದ್ದು ಬಿದ್ದು ನಗುತ್ತದೆ. ಪಿಸು ಬಚಾವಾಗುತ್ತಾಳೆ. ಮೇಷ್ಟ್ರು ತನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ.

"ಏನಿಲ್ಲ ಸರ್," ಎಂದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ದನಿ ಮೂರನೇ ಸಾಲಿಗೆ ಕೇಳಲಿಲ್ಲ.

"ಹಾಗಾದ್ರೆ ಉಗಿ." ಮೇಷ್ಟ್ರು ಮೂರು ಹೆಜ್ಜೆ ಹಿಂದಕ್ಕೆ ಸರಿದು, ಕರವಸ್ತ್ರ ತೆಗೆದು ಕೈಯಲ್ಲಿಟ್ಟುಕೊಂಡರು.

ಮೊದಲನೆಯದು ಪಿಸುವಿನ ಗದ್ದದ ಮೇಲೆ ಬಿತ್ತು. ಸಣ್ಣಗೆ, ನೊರೆಯಾಗಿ. ಮೈಕುಗೆ ವಾಂತಿ ಬರುವ ಹಾಗಾಯಿತು. "ಬಂತು!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಬಂತು ನೋಡಿ! ಇನ್ನೊಮ್ಮೆ. ಇನ್ನೂ ಮೇಲೆ. ಬಲಗಣ್ಣಿನ ಕೆಳಗೆ ಬೀಳಬೇಕು, ಬೆಳಕು ಇರೋದು ಅಲ್ಲಿ. ಏಯ್, ನೀನು ಒರೆಸ್ಕೋಬೇಡ, ಹಾಗೇ ಇರು."

ಎರಡನೆಯದು ಕೂದಲ ಮೇಲೆ ಹೋಯಿತು. ಮೂರನೆಯದು ತುಟಿಯ ಮೇಲೆ. ಪಿಸು ತುಟಿ ಬಿಗಿದುಕೊಂಡಳು. ಹುಳಿಯನ್ನು ನೆನೆಸಿಕೊಂಡು ಕೆನ್ನೆಗಳನ್ನು ಒಳಕ್ಕೆಳೆದುಕೊಂಡರೆ ಬಾಯಿ ತಾನೇ ತುಂಬುತ್ತದೆ ಎನ್ನುವುದು ನಾಲ್ಕನೆಯ ಸಲಕ್ಕೆ ಮೈಕುಗೆ ಗೊತ್ತಾಯಿತು. ಐದನೆಯ ಸಲ ಅವಳು ಪಿಸುವಿನ ಮುಖ ನೋಡಲಿಲ್ಲ, ಬಲಗಣ್ಣಿನ ಕೆಳಗಿನ ಜಾಗ ನೋಡಿದಳು. ಆರನೆಯದು ಸರಿಯಾಗಿ ಅಲ್ಲೇ ಬಿದ್ದು, ಬೆಳಕಿನಲ್ಲಿ ಮಿನುಗುತ್ತ ಕೆನ್ನೆಯ ಮೇಲಿಂದ ಇಳಿದಾಗ ಅವಳಿಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಖುಷಿಯಾಯಿತು. ಏಳನೆಯದನ್ನು ಯಾರೂ ಕೇಳಿರಲಿಲ್ಲ. ಅದನ್ನು ಅವಳೇ ಉಗಿದಳು.

"ಸತ್ಯ!" ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನೀರಿತ್ತು.

ಇಡೀ ಕೋಣೆ ಚಪ್ಪಾಳೆ ತಟ್ಟಿತು, ಉದ್ದಕ್ಕನೂ ತಟ್ಟಿದಳು. ನಿರ್ದೇಶಕಿ ಎದ್ದು ಬಂದು ಮೈಕುವಿನ ಬೆನ್ನು ತಟ್ಟಿ, ಅವಳ ಕಿವಿಯ ಬಳಿ ಬಗ್ಗಿ, "ಧೈರ್ಯ ಇದೆ ನಿನಗೆ. ಮುಂದಿನ ತಿಂಗಳು ಬಂದು ನೋಡು ನನ್ನನ್ನ," ಎಂದರು. ಆಮೇಲೆ ಪಿಸುವಿನ ಕಡೆ ಕೈ ತೋರಿಸಿ ಮೇಷ್ಟ್ರಿಗೆ ಹೇಳಿದರು, "ಈ ಹುಡುಗಿ ಏನೂ ಮಾಡ್ತಾನೇ ಇಲ್ವಲ್ಲ. ಗೋಡೆ ಥರ ನಿಂತಿದಾಳೆ."

"ಅವಳ ಮೇಲೆ ಇನ್ನೂ ಕೆಲಸ ಮಾಡಬೇಕು ಮೇಡಂ," ಎಂದು ಮೇಷ್ಟ್ರು ಬೀರುವಿನ ಬೀಗ ತೆಗೆದರು. ತಮ್ಮ ಲೋಟವನ್ನು ಎರಡು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿದರು.

ಹುಡುಗಿಯರ ಬಚ್ಚಲಲ್ಲಿ ಪಿಸು ನಲ್ಲಿಯ ಕೆಳಗೆ ಮುಖ ಹಿಡಿದಿದ್ದಳು. ಸೋಪಿನ ಚೂರೊಂದು ಸಿಕ್ಕಿತ್ತು. ಉಜ್ಜಿ ಉಜ್ಜಿ ಬಲಗೆನ್ನೆ ಕೆಂಪಾಗಿತ್ತು. ಮೈಕು ಬಾಗಿಲಲ್ಲಿ ನಿಂತಳು. ಬಾಯಿ ಕಹಿಯಾಗಿತ್ತು. ಉಗುಳಬೇಕೆನಿಸಿತು, ಉಗುಳಲಾರದೆ ನುಂಗಿಕೊಂಡಳು.

"ಪೇಪರ್ ಏನಾದ್ರೂ ಇದ್ರೆ ಕೊಡೇ, ಒರೆಸ್ಕೋತೀನಿ," ಎಂದಳು ಪಿಸು, ಕಣ್ಣಿಗೆ ಸೋಪು ಹೋಗದಂತೆ ಮುಖ ಬಗ್ಗಿಸಿಕೊಂಡೇ ಕೈ ಚಾಚಿ.

ಚೀಲದಲ್ಲಿ ಇದ್ದದ್ದು ಒಂದೇ ಹಾಳೆ.

"ಇಲ್ಲ ಕಣೇ."

ಪಿಸು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಇತ್ತ ತಿರುಗಿದಳು. "ಕೊನೇದು ಚೆನ್ನಾಗಿ ಬಂತು ಅಲ್ವಾ? ಮೇಡಂ ಏನಂದ್ರು?"

"ಮುಂದಿನ ತಿಂಗಳು ಬಾ ಅಂದ್ರು."

"ಹೌದಾ! ನಿಮ್ಮಮ್ಮ ಎಷ್ಟು ಖುಷಿ ಪಡ್ತಾರೋ." ಅವಳು ಮನಸಾರೆ ಹೇಳಿದ್ದಳು. ಅವಳಿಗೆ ಬೇರೆ ಥರ ಹೇಳಲು ಬರುತ್ತಿರಲಿಲ್ಲ, ಅದಕ್ಕೇ ಅಂಕ ಕಡಿಮೆ ಬರುತ್ತಿದ್ದದ್ದು.

ಮೈಕುಗೆ ತಡೆಯಲಾಗಲಿಲ್ಲ. ಅಮ್ಮ ನಕ್ಕದ್ದು, ಒಂದು ಗಂಟೆ ಎನ್ನುವುದು, ಬಾಯೊಳಗಿನ ನಲ್ಲಿ, ಚೀಲದಲ್ಲಿರುವ ಹಾಳೆ, ಎಲ್ಲವನ್ನೂ ಈಗಲೇ ಹೇಳಿಬಿಡಬೇಕೆಂದು ಹತ್ತಿರ ಹೋದಳು. ಇಬ್ಬರ ನಡುವೆ ಒಂದು ಮೊಳ ದೂರ ಉಳಿಯಿತು. ಅವಳು ಬಾಯಿ ತೆರೆದಳು.

ಪಿಸು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಒಂದಿಷ್ಟೂ ಅಲ್ಲಾಡಿಸದೆ ನಿಂತಳು.