ಕಾಯುವುದು ಬೇಡ ಅಂದವಳು

ನಮ್ಮ ಶಿರ್ವದ ಕಡೆ ಯಾರಾದರೂ ತೀರಿಕೊಂಡರೆ ಜನ ಮೊದಲು ಕೇಳುವುದು ಹೇಗೆ ಹೋದರು ಎಂದಲ್ಲ, ಬರಲಿಕ್ಕೆ ಯಾರಿದ್ದಾರೆ ಎಂದು. ಪ್ರತಿ ಮನೆಯಿಂದಲೂ ಒಬ್ಬರೋ ಇಬ್ಬರೋ ಗಲ್ಫಿನಲ್ಲಿ ಇರುತ್ತಾರೆ. ಅವರು ಬಂದು ಮುಖ ನೋಡುವವರೆಗೆ ಸತ್ತವರನ್ನು ಆಸ್ಪತ್ರೆಯ ಐಸಿನಲ್ಲಿ ಇಡುವುದು ರೂಢಿ. ಕುವೈತಿನ ಮಗ, ದುಬೈಯ ಸೊಸೆ ಎಲ್ಲರೂ ಬಂದು, ಹಣೆಗೆ ಮುತ್ತು ಕೊಟ್ಟು, ಗುಂಡಿಗೆ ಒಂದು ಮುಷ್ಟಿ ಮಣ್ಣು ಹಾಕಿದ ಮೇಲೆಯೇ ಬಿಡುಗಡೆ. ಆಸ್ತಿಗಾಗಿ ಕೋರ್ಟು ಹತ್ತಿದ ಮಕ್ಕಳನ್ನೂ ಕಾಯುತ್ತಾರೆ, ಇಗರ್ಜಿಯ, ಅಂದರೆ ಚರ್ಚಿನ, ಬಾಗಿಲು ಮರೆತ ಕುಡುಕನನ್ನೂ ಕಾಯುತ್ತಾರೆ. ನನ್ನ ಅಮ್ಮ ಅಗಾತಾಬಾಯಿ ಹೋದಾಗ ಮಾತ್ರ ನನ್ನನ್ನು ಯಾರೂ ಕಾಯಲಿಲ್ಲ.

ನಾನು ಮಟಿಲ್ಡಾ. ನನ್ನ ಗಂಡ ಮಾರಿಸ್. ಕತಾರಿನ ದಕ್ಷಿಣದಲ್ಲಿ ಡಾಂಬರು ರಸ್ತೆ ಮುಗಿದು, ಟಯರಿನ ಗಾಳಿ ಅರ್ಧ ಇಳಿಸಿಕೊಂಡೇ ಮುಂದೆ ಹೋಗಬೇಕಾದ ಮರಳುಗಾಡಿನಲ್ಲಿ, ಶುಕ್ರವಾರ ಶನಿವಾರದ ರಜೆಗೆ ಜನ ಬಂದು ತಂಗುವ ಒಂದು ಕ್ಯಾಂಪ್ ಇದೆ. ಅಲ್ಲಿ ನಾವಿಬ್ಬರು ಕೆಲಸಕ್ಕಿದ್ದೇವೆ. ಗಂಡ ಹೆಂಡತಿಯೇ ಬೇಕು ಎಂದು ಮಾಲೀಕರು ಕೇಳಿದ್ದರು. ಸಂಸಾರಸ್ಥರು ಬರುವ ಜಾಗ, ಅಡುಗೆಗೆ ಹೆಂಗಸಿರಲಿ, ಹೆಂಗಸು ಒಬ್ಬಳೇ ಇರುವುದು ಬೇಡ ಎಂಬುದು ಅವರ ಲೆಕ್ಕ. ಜನರೇಟರು, ಡೇರೆ, ನೀರಿನ ಟ್ಯಾಂಕು ಮಾರಿಸರದು; ಅಡುಗೆಮನೆ ನನ್ನದು. ಒಬ್ಬರು ಬಿಟ್ಟರೆ ಇಬ್ಬರೂ ಬಿಟ್ಟ ಹಾಗೆ.

ಇಲ್ಲಿಗೆ ಬರುವ ಮೊದಲು ಪೇಟೆಯೊಳಗಿನ ಅಲ್ ಮನ್ಸೂರಾದಲ್ಲಿ ಪ್ಲೈವುಡ್ ಗೋಡೆಯ ಒಂದು ಕೋಣೆಯಲ್ಲಿದ್ದೆವು. ಪಕ್ಕದವರು ಆಕಳಿಸಿದರೂ ಕೇಳಿಸುತ್ತಿತ್ತು. ಹಾಗಾಗಿ ಈ ಬಯಲು ಕಂಡ ದಿನ ನಾನು ಹುಚ್ಚಿಯ ಹಾಗೆ ನಕ್ಕಿದ್ದೆ. ಭಾನುವಾರದಿಂದ ಗುರುವಾರದವರೆಗೆ ಇಲ್ಲಿ ನಾವಿಬ್ಬರೇ. ಜಗಳ ಬಿಡಿಸಲಿಕ್ಕೆ ಮೂರನೆಯವರಿಲ್ಲ ಎಂದು ಜಗಳವನ್ನೇ ಕಡಿಮೆ ಮಾಡಿಕೊಂಡಿದ್ದೆವು. ಮಕ್ಕಳನ್ನು ದೇವರು ಕೊಡಲಿಲ್ಲ, ಒಂದು ವಯಸ್ಸಾದ ಮೇಲೆ ನಾವೂ ಕೇಳುವುದು ಬಿಟ್ಟೆವು. ಮಧ್ಯಾಹ್ನ ಊಟವಾದ ಮೇಲೆ ಡೇರೆಯ ನೆರಳಿನಲ್ಲಿ ನಾನು ಮಲಗಿದರೆ ಇವರು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಊರಿನಲ್ಲಿ ಯಾವ ಗಂಡ ಹಗಲು ಹೊತ್ತು ಹೆಂಡತಿಯ ಕಾಲು ಮುಟ್ಟುತ್ತಾನೆ ಹೇಳಿ. ನಾನು ಸುಖವಾಗಿದ್ದೆ, ಅದನ್ನು ಯಾಕೆ ಮುಚ್ಚಿಡಲಿ.

ಕ್ಯಾಂಪಿನಲ್ಲಿ ಮೊಬೈಲ್ ಸಿಗ್ನಲ್, ಇಲ್ಲಿನವರು ಹೇಳುವ ಹಾಗೆ, ಮಾಫಿ, ಇಲ್ಲವೇ ಇಲ್ಲ. ಹಿಂದಿನ ಮರಳುಗುಡ್ಡದ ತುದಿಯಲ್ಲಿ ಮಾತ್ರ ಸಿಗುತ್ತದೆ. ನನ್ನ ಮೊಣಕಾಲಿಗೆ ಆ ಏರು ಆಗದು. ಮಾರಿಸ್ ದಿನಾ ಬೆಳಿಗ್ಗೆ ಇಬ್ಬರ ಫೋನನ್ನೂ ಜೇಬಿಗೆ ಹಾಕಿಕೊಂಡು ಹತ್ತುತ್ತಿದ್ದರು. ಇಳಿದು ಬಂದು, ನಾನು ಹಿಟ್ಟು ನಾದುತ್ತಿರುವಾಗ ಎದುರು ಕೂತು ಸುದ್ದಿ ಹೇಳುತ್ತಿದ್ದರು. ಯಾರಿಗೆ ಹೆರಿಗೆಯಾಯಿತು, ಯಾರ ಮದುವೆ ಮುರಿಯಿತು, ನನ್ನ ಅಣ್ಣ ಹ್ಯೂಬರ್ಟನ ಬಾವಿಗೆ ಹಂದಿ ಬಿದ್ದದ್ದು, ಎಲ್ಲ. ಅಮ್ಮನ ಹತ್ತಿರ ಮಾತಾಡುವ ಭಾನುವಾರ ಮಾತ್ರ ನಾನೂ ಹತ್ತುತ್ತಿದ್ದೆ, ಇವರು ಮುಂದಿನಿಂದ ಕೈ ಹಿಡಿದು ಎಳೆಯುತ್ತಿದ್ದರು.

ಆ ಗುರುವಾರ ಒಂದು ಕಂಪೆನಿಯ ದೊಡ್ಡ ಗುಂಪು ಬರುವುದಿತ್ತು, ಮಸಾಲೆ ರುಬ್ಬುವುದರಲ್ಲಿ ನನಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮಾರಿಸ್ ಗುಡ್ಡದಿಂದ ಇಳಿದದ್ದು ತಡವಾಯಿತು.

"ಎಂತ ಸುದ್ದಿ?" ಎಂದೆ.

"ಎಂತ ಇಲ್ಲ," ಎಂದರು.

ಸಾಮಾನಿನ ಗಾಡಿ ತರುವ ಅನ್ಸಾಫ್ ಬಂದಾಗ ಇವರೇ ಈರುಳ್ಳಿ ಮೂಟೆಗಳನ್ನು ಹೇಳಿಸಿಕೊಳ್ಳದೆಯೇ ಇಳಿಸಿದರು. ಬೇರೆ ದಿನ ಮೂರು ಸಲ ಕೂಗಬೇಕು. ನನಗೆ ಚಹಾ ಮಾಡಿ ತಂದುಕೊಟ್ಟರು. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಎಂದು ಅನ್ಸಾಫನ ಎದುರು ತಮಾಷೆ ಮಾಡಿದೆ. ಅನ್ಸಾಫ್ ನಕ್ಕ. ಇವರು ನಗಲಿಲ್ಲ.

ಶನಿವಾರ ಮಧ್ಯಾಹ್ನ ಕೊನೆಯ ಗಾಡಿ ಹೋಯಿತು. ದೊಡ್ಡ ಪಾತ್ರೆಗಳನ್ನು ತೊಳೆದು ಕವುಚಿ ಹಾಕುತ್ತಿದ್ದೆ. ಮಾರಿಸ್ ನನ್ನ ಕೈ ಒರೆಸಿ ಕುರ್ಚಿಯ ಮೇಲೆ ಕೂರಿಸಿದರು.

"ಅಮ್ಮ ಹೋದ್ರು, ಮಟಿಲ್ಡಾ."

"ಯಾವಾಗ?"

"ಗುರುವಾರ ಬೆಳಿಗ್ಗೆ. ಸ್ಟ್ರೋಕ್ ಆದದ್ದಂತೆ, ಆಸ್ಪತ್ರೆಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿ. ನಿನ್ನೆ ನಾಲ್ಕು ಗಂಟೆಗೆ ಮಣ್ಣಾಯ್ತು."

"ನನ್ನನ್ನು ಕಾಯ್ಲಿಲ್ವಾ?"

"ಇಲ್ಲ," ಎಂದರು. ಸುಳ್ಳಲ್ಲ. ಕಾದಿರಲಿಲ್ಲ ತಾನೆ.

ಕಾಯುವುದಿಲ್ಲ ಎಂದಾದ ಮೇಲೆ ಹೇಳಿ ಏನು ಪ್ರಯೋಜನ, ಕೆಲಸವಾದರೂ ಮುಗಿಯಲಿ ಎಂದು ಸುಮ್ಮನಿದ್ದೆ ಎಂದರು. ನಾನು ಅವರ ಅಂಗಿ ಹಿಡಿದು ಜಗ್ಗಿದೆ, ಹೊಡೆದೆ, ಆಮೇಲೆ ಅದೇ ಅಂಗಿಗೆ ಮುಖ ಒತ್ತಿ ಅತ್ತೆ. ಊರಿನ ನಾಲ್ಕು ಗಂಟೆಯೆಂದರೆ ಇಲ್ಲಿ ಊಟದ ಹೊತ್ತು. ಆ ಹೊತ್ತಿಗೆ ನಾನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಂಡೆ. ಒಬ್ಬಳು ಜರ್ಮನ್ ಹೆಂಗಸಿಗೆ ಚಪಾತಿ ಲಟ್ಟಿಸುವುದನ್ನು ಕಲಿಸುತ್ತಿದ್ದೆ. ಅವಳದ್ದು ಆಫ್ರಿಕಾದ ನಕ್ಷೆಯ ಹಾಗೆ ಬಂತೆಂದು ಇಬ್ಬರೂ ನಕ್ಕಿದ್ದೆವು, ಯಾರೋ ಫೋಟೊ ತೆಗೆದಿದ್ದರು. ಅಲ್ಲಿ ಅಮ್ಮನ ಪೆಟ್ಟಿಗೆಗೆ ಮಣ್ಣು ಬೀಳುತ್ತಿತ್ತು.

ದುಃಖಕ್ಕಿಂತ ಸಿಟ್ಟು ಹೊರಲು ಸುಲಭ. ನನ್ನ ಸಿಟ್ಟೆಲ್ಲ ಅಣ್ಣನ ಮೇಲೆ ಹೋಯಿತು. ಒಂದೇ ಒಂದು ದಿನ ಕಾಯಲಾರದವನು ಎಂಥ ಅಣ್ಣ? ಫೋನ್ ಮಾಡುವುದಿಲ್ಲ ಎಂದು ಹಟ ಹಿಡಿದೆ. ಆ ಕಡೆಯಿಂದಲೂ ಫೋನ್ ಬರಲಿಲ್ಲ. ನೋಡಿ, ಅವನಿಗೆ ಮುಖ ಇಲ್ಲ ಎಂದು ಮಾರಿಸರಿಗೆ ದಿನಾ ಹೇಳಿದೆ. ಅವನನ್ನು ಹುಟ್ಟಿದ ಗಳಿಗೆಯಿಂದ ಹಿಡಿದು ಬೈದೆ. ಇವರು ತಲೆ ತಗ್ಗಿಸಿ ಮೊಣಕಾಲಿಗೆ ಎಣ್ಣೆ ತಿಕ್ಕಿದರು. ಒಮ್ಮೆ ಮಾತ್ರ, "ಹ್ಯೂಬರ್ಟ್ ಕೆಟ್ಟವನಲ್ಲ, ಬಿಡು," ಎಂದರು. ಅವನ ಪರ ವಹಿಸುತ್ತೀರಾ ಎಂದು ಅವರ ಮೇಲೂ ಹಾರಾಡಿದೆ.

ಮಾಲೀಕರು ಬಂದಾಗ ನನ್ನ ಕಪ್ಪು ಉಡುಪು ನೋಡಿ ವಿಷಯ ಕೇಳಿದರು. ವಯಸ್ಸಾದ ಮನುಷ್ಯ, ತಾಯಿಯನ್ನು ಕಳೆದುಕೊಂಡವರು. ಹಿಡಿದಿದ್ದ ಅರಬ್ಬಿ ಕಾಫಿಯ ಕಪ್ಪನ್ನು ಕೆಳಗಿಟ್ಟು, ನನಗೆ ಯಾಕೆ ಹೇಳಲಿಲ್ಲ, ನನ್ನ ಗಾಡಿಯಲ್ಲೇ ಏರ್‌ಪೋರ್ಟಿಗೆ ಬಿಡುತ್ತಿದ್ದೆನಲ್ಲ ಎಂದು ಮಾರಿಸರಿಗೆ ತಮ್ಮ ಮುರುಕು ಹಿಂದಿಯಲ್ಲಿ ಕೇಳಿದರು. ಇವರು ಜನರೇಟರ್ ನೋಡಿ ಬರುತ್ತೇನೆ ಎಂದು ಎದ್ದು ಹೋದರು. ಜನರೇಟರ್ ಸರಿಯಾಗಿಯೇ ಓಡುತ್ತಿತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ತಿಂಗಳ ಪೂಜೆಯ ದಿನ ಬಂತು. ಊರಿನ ಇಗರ್ಜಿಯಲ್ಲಿ ಅಮ್ಮನ ಹೆಸರಿನಲ್ಲಿ ಪೂಜೆ, ಮನೆಯಲ್ಲಿ ಊಟ. ಆ ದಿನ ನನ್ನಿಂದ ತಡೆಯಲಾಗಲಿಲ್ಲ. ಗುಡ್ಡ ಹತ್ತುತ್ತೇನೆ, ಹ್ಯೂಬರ್ಟನಿಗೆ ಕೇಳುವುದನ್ನು ಕೇಳಿಯೇ ಬಿಡುತ್ತೇನೆ ಎಂದೆ.

"ಇವತ್ತು ಬೇಡ," ಎಂದರು ಮಾರಿಸ್. "ಮನೆ ತುಂಬಾ ಜನ ಇರ್ತಾರೆ."

"ಇರ್ಲಿ. ಎಲ್ಲರ ಎದುರೇ ಕೇಳ್ತೇನೆ."

ಕೈ ಹಿಡಿಯಲು ಬಂದರು. ನಾನು ಕೊಡಲಿಲ್ಲ, ನಾಲ್ಕು ಕಾಲಿನಲ್ಲಿ ಹತ್ತಿದೆ. ಇವರು ನನ್ನ ಚಪ್ಪಲಿ ಹಿಡಿದುಕೊಂಡು ಹಿಂದೆ ಬಂದರು. ಸ್ವಲ್ಪ ಕೆಳಗೇ ನಿಂತರು.

ಹ್ಯೂಬರ್ಟ್ ಫೋನ್ ಎತ್ತಿದ. "ಇವತ್ತು ನೆನಪಾಯ್ತಾ?" ಎಂದ.

"ನಂಗೆ ಒಂದೇ ಮಾತು ಕೇಳ್ಲಿಕ್ಕುಂಟು ಅಣ್ಣ. ನೀನು ಯಾಕೆ ಕಾಯ್ಲಿಲ್ಲ? ಒಂದು ದಿನ ಅಮ್ಮನನ್ನು ಐಸಲ್ಲಿಡ್ಲಿಕ್ಕೆ ನಿನ್ನಿಂದ ಆಗ್ಲಿಲ್ವಾ? ನಾನು ಅವರ ಹೊಟ್ಟೆಯಲ್ಲಿ ಹುಟ್ಟಿದವಳಲ್ವಾ?"

ಆ ಕಡೆ ಪಾತ್ರೆಗಳ ಸದ್ದು, ಜನರ ಮಾತು ಕೇಳಿಸುತ್ತಿತ್ತು. ಅವನು ಅಂಗಳಕ್ಕೆ ಇಳಿದಿರಬೇಕು, ಸದ್ದು ದೂರವಾಯಿತು.

"ನಿಂಗೆ ತಲೆ ಸರಿ ಉಂಟಾ? ಐಸಿಗೆ ಹೇಳಿ ಆಗಿತ್ತು. ಶನಿವಾರ ಮಾಡುವ ಅಂತ ಫಾದರ್ ಹತ್ರ ಮಾತಾಡಿ ಆಗಿತ್ತು. ಆಮೇಲೆ ಮಾರಿಸ್ ಬಾವ ಫೋನ್ ಮಾಡಿದ್ರು. ಮಟಿಲ್ಡಾಳಿಗೆ ಬರ್ಲಿಕ್ಕೆ ಆಗುದಿಲ್ಲ, ಕಾಯುದು ಬೇಡ ಅಂತ ಅವಳೇ ಹೇಳಿದ್ದಾಳೆ ಅಂತ. ನಾನು ಎರಡು ಸಲ ಕೇಳಿದೆ ಮಾರಾಯ್ತಿ. ಅವಳೇ ಹೇಳಿದ್ದಾ, ಸರಿಯಾಗಿ ಕೇಳಿದ್ರಾ ಅಂತ."

ನಾನು ತಿರುಗಿ ನೋಡಿದೆ. ಮಾರಿಸ್ ನನ್ನ ಚಪ್ಪಲಿಯ ಮರಳು ಕೊಡವುತ್ತಿದ್ದರು. ಕೊಡವಿದ್ದನ್ನೇ ಮತ್ತೆ ಕೊಡವುತ್ತಿದ್ದರು. ಅಣ್ಣನ ಮಾತು ಅವರಿಗೆ ಕೇಳಿಸುವಂತಿರಲಿಲ್ಲ, ಆದರೂ ಅವರು ನನ್ನ ಮುಖ ನೋಡಲಿಲ್ಲ. ನನಗೆ ಅಷ್ಟು ಸಾಕಾಯಿತು.

"ನೀನು ಹೇಳಿದ್ದು ಹೌದಾ ಅಲ್ವಾ?" ಎಂದ ಅಣ್ಣ. ಅವನ ದನಿ ಸ್ವಲ್ಪ ಮೆತ್ತಗಾಗಿತ್ತು. ಅಲ್ಲ ಎಂದಿದ್ದರೆ ಅವನು ಆ ಕ್ಷಣವೇ ಮತ್ತೆ ನನ್ನ ಅಣ್ಣನಾಗುತ್ತಿದ್ದ, ಅದು ನನಗೆ ಗೊತ್ತಾಯಿತು. ಅಲ್ಲ ಎಂಬ ಮಾತು ನಾಲಿಗೆಯ ಮೇಲೇ ಇತ್ತು.

"ಹೌದು," ಎಂದೆ. "ನಾನೇ ಹೇಳಿದ್ದು. ನಿಂಗೆ ಸುಮ್ಮನೆ ಬೈದೆ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಮಟಿಲ್ಡಾ ಹೊರಟಳಾ ಅಂತ ಅಮ್ಮ ಕೇಳಿದ್ರು ಆಸ್ಪತ್ರೆಯಲ್ಲಿ. ಹೊರಟಿದ್ದಾಳೆ ಅಂತ ನಾನು ಸುಳ್ಳು ಹೇಳಿದೆ. ನೀನು ಮಣ್ಣಿನ ದಿನ ಲಟ್ಟಣಿಗೆ ಹಿಡ್ಕೊಂಡು ಹಲ್ಲು ಬಿಟ್ಟ ಫೋಟೊ ಇಡೀ ಊರು ನೋಡಿದೆ, ನಿಮ್ಮ ಕ್ಯಾಂಪಿನವರೇ ಫೇಸ್‌ಬುಕ್ಕಿಗೆ ಹಾಕಿದ್ದು. ಇನ್ನು ನೀನು ಈ ಮನೆಗೆ ಬರುದು ಬೇಡ. ನಾನು ಸತ್ತರೂ ಬರುದು ಬೇಡ."

ಫೋನ್ ಇಟ್ಟ. ನಾನು ಮರಳಿನ ಮೇಲೆ ಕೂತೆ. ಅಮ್ಮ ಸತ್ತ ಸುದ್ದಿ ಕೇಳಿದಾಗಲೂ ಅಷ್ಟು ನೋವಾಗಿರಲಿಲ್ಲ. ಮಾರಿಸ್ ಬಂದು, ಒಂದಾಳು ದೂರ ಬಿಟ್ಟು ಕೂತರು.

"ಪಪ್ಪ ಹೋದಾಗ ನನ್ನನ್ನು ಕಾದಿದ್ರಲ್ಲ," ಎಂದರು. "ನಾನು ಊರಿಗೆ ಮುಟ್ಟುವಾಗ ಮುಖ ಕಪ್ಪಾಗಿತ್ತು, ತುಟಿ ಅಂಟಿಕೊಂಡಿತ್ತು. ಈಗ ಕಣ್ಣು ಮುಚ್ಚಿದರೆ ಅದೇ ಬರುದು, ಬದುಕಿದ್ದ ಪಪ್ಪ ಬರುದೇ ಇಲ್ಲ. ನಿಂಗೆ ಅದು ಬೇಡ ಅಂತ ಅನಿಸ್ತು."

"ಅಷ್ಟೇನಾ?"

"ಕ್ಯಾಂಪ್ ತುಂಬಿತ್ತು. ನೀನು ಹೋದ್ರೆ ಎಲ್ಲ ಕೆಡ್ತಿತ್ತು. ಇಬ್ಬರ ಕೆಲಸ ಹೋಗ್ತದಾ ಅಂತ ಹೆದರಿಕೆ."

"ಮೊದಲು ತಲೆಗೆ ಬಂದದ್ದು ಯಾವುದು? ಪಪ್ಪನ ಮುಖವಾ, ಕ್ಯಾಂಪಾ?"

ಅವರು ಸುಳ್ಳು ಹೇಳಬಹುದಿತ್ತು. ನಾನು ನಂಬುತ್ತಿದ್ದೆ, ನಂಬಲಿಕ್ಕೆ ಕಾಯುತ್ತಿದ್ದೆ ಕೂಡ.

"ಕ್ಯಾಂಪ್," ಎಂದರು. "ಪಪ್ಪ ನೆನಪಾದದ್ದು ಹ್ಯೂಬರ್ಟನಿಗೆ ಹೇಳಿ ಆದ ಮೇಲೆ."

ಈ ಮನುಷ್ಯ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಮಕ್ಕಳಾಗಲಿಲ್ಲ ಎಂದು ಅವರ ಮನೆಯವರು ಕುಟುಕಿದಾಗ ಊಟದ ತಟ್ಟೆ ಬಿಟ್ಟು ನನ್ನ ಕೈ ಹಿಡಿದು ಎದ್ದವರು. ಆ ಮನುಷ್ಯನೇ ನನ್ನ ಅಮ್ಮನ ಮುಖವನ್ನು, ನನ್ನ ಬಾಯಿಯ ಮಾತು ಎಂದು ಹೇಳಿ, ನನ್ನಿಂದ ಕಿತ್ತುಕೊಂಡರು. ಇವರನ್ನು ದ್ವೇಷಿಸಲಿಕ್ಕಾದರೂ ಆಗಿದ್ದರೆ ಒಳ್ಳೆಯದಿತ್ತು.

ಅವರು ಫೋನಿಗೆ ಕೈ ಚಾಚಿದರು. "ಕೊಡು. ಹ್ಯೂಬರ್ಟನಿಗೆ ನಿಜ ಹೇಳ್ತೇನೆ. ತಪ್ಪು ನನ್ನದು."

"ಬೇಡ."

"ನೀನಾದರೂ ಯಾಕೆ ಹೌದು ಅಂದದ್ದು? ಅಲ್ಲ ಅನ್ನಬಹುದಿತ್ತಲ್ಲ ಮಟಿಲ್ಡಾ. ಅಣ್ಣನಾದರೂ ಉಳೀತಿದ್ದ."

ಕೆಳಗೆ ಡೇರೆಗಳು, ನೀರಿನ ಟ್ಯಾಂಕು, ಒಣಗಲು ಹಾಕಿದ ಹಾಸುಬಟ್ಟೆಗಳು ಕಾಣುತ್ತಿದ್ದವು. ಅದರಾಚೆ ಮರಳು ಬಿಟ್ಟರೆ ಏನಿಲ್ಲ.

"ಅಲ್ಲ ಅಂದಿದ್ದರೆ ಅಣ್ಣ ನಂಗೆ, ಆ ಗಂಡನನ್ನು ಬಿಟ್ಟು ಬಾ ಅಂತಿದ್ದ. ನಾನು ಹೋಗ್ತಿದ್ದೆ. ಇಲ್ಲಿ ನಿಮ್ಮ ಜೊತೆ ಊಟಕ್ಕೆ ಯಾರು ಕೂರ್ತಿದ್ರು?"

ಮಾರಿಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಅವರ ಬೆನ್ನು ಸವರಲಿಲ್ಲ, ಎದ್ದು ಹೋಗಲೂ ಇಲ್ಲ.