ಹೋದ ಭಾನುವಾರದ ಕಡಲು

ಕಡಲ ಪಕ್ಕದ ಬಂಡೆದಾರಿ ಶುರುವಾಗುವಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಮೇಜು, ಮೇಜಿನ ಮೇಲೆ ಈ ದಾರಿ ಹಿಡಿಯುವವರು ಹೆಸರು ಬರೆಯುವ ಪುಸ್ತಕ. ಊರಿನವರು ಅದನ್ನು ಮುಟ್ಟುವುದೇ ಇಲ್ಲ. "ನಾವೇನು ಹೊರಗಿನವರಾ?" ಎಂದು ಮೂಗು ಮುರಿದು ಪಕ್ಕದಿಂದ ನುಸುಳಿಬಿಡುತ್ತಾರೆ. ಹಾಗೆ ನುಸುಳಿದವರನ್ನೇ ಹಗ್ಗ ಹಿಡಿದು ಮೇಲೆತ್ತಿದ್ದು ಎಷ್ಟು ಸಲವೋ!

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಗೆ ಗಂಡ ಹೆಂಡತಿ ಇಬ್ಬರು ಬಂದರು. ಗಂಡ, ನಿವೃತ್ತ ಬಸ್ ಡ್ರೈವರ್. ಹೆಂಡತಿಗೆ ಹೋದ ವರ್ಷ ಬಲ ಮಂಡಿಯ ಆಪರೇಷನ್ ಆಗಿತ್ತು. ಹಾಸಿಗೆ ಹಿಡಿದಿದ್ದಾಗ ಕಿಟಕಿಯಿಂದ ಕಾಣುತ್ತಿದ್ದದ್ದು ಹಡಗಿಗೆ ದಾರಿ ತೋರುವ ದೂರದ ದೀಪಸ್ತಂಭ ಒಂದೇ. "ಅಲ್ಲಿಗೆ ನನ್ನ ಕಾಲಲ್ಲೇ ನಡ್ಕೊಂಡು ಹೋಗ್ತೀನಿ" ಎಂದು ಅವತ್ತೇ ಪಟ್ಟು ಹಿಡಿದರು. ಹತ್ತು ತಿಂಗಳು ದಿನಕ್ಕೆರಡು ಸಲ ಮೂರು ಮಹಡಿಯ ಮೆಟ್ಟಿಲು ಹತ್ತಿ ಇಳಿದರು. ಕೈಯಲ್ಲಿ ಕೋಲು ಇರಲಿ, ಹೋಗಿ ಬನ್ನಿ ಎಂದು ಡಾಕ್ಟರು ಒಪ್ಪಿದ್ದು ಮೊನ್ನೆ ಮೊನ್ನೆ.

ಶೆಡ್ಡಿನಲ್ಲಿದ್ದದ್ದು ಈ ದಾರಿಯ ಕಾವಲಿನ ಹೆಂಗಸು. ಕೊರಳಲ್ಲಿ ಸದಾ ಸೀಟಿ ತೂಗುವುದರಿಂದ ಎಲ್ಲರ ಬಾಯಲ್ಲೂ ಸೀಟಿ ಅಕ್ಕ.

"ಎಲ್ಲಿಗೆ ಯಜಮಾನ್ರೇ, ಹವಾಯಿ ಚಪ್ಪಲೀಲಿ?"

"ಲೈಟ್‌ಹೌಸಿಗೆ. ಒಂಬತ್ತಕ್ಕೆ ಕೆಳಗಿನ ಮರಳ ದಂಡೆ ದಾಟ್ತೀವಿ."

"ಒಂಬತ್ತಕ್ಕೇ ಯಾಕೆ?"

ಡ್ರೈವರ್ ಎದೆ ಸೆಟೆಸಿದರು. "ಹೋದ ಭಾನುವಾರ ನಾನೇ ಬಂದು ನೋಡ್ಕೊಂಡು ಹೋಗಿದೀನಿ. ಒಂಬತ್ತಕ್ಕೆ ನೀರು ಎಲ್ಲೋ ದೂರ ಇತ್ತು. ಪಾದ ಕೂಡ ನೆನೀಲಿಲ್ಲ."

ಸೀಟಿ ಅಕ್ಕ ಗೋಡೆಯ ಮೇಲಿನ ಉಬ್ಬರ-ಇಳಿತದ ಪಟ್ಟಿಯ ಮೇಲೆ ಬೆರಳಿಟ್ಟರು. "ಇವತ್ತು ಒಂಬತ್ತಕ್ಕೆ ಪೂರ್ತಿ ಉಬ್ಬರ."

"ಅದು ಹ್ಯಾಗಮ್ಮ? ಅದೇ ವಾರ, ಅದೇ ಟೈಮು! ಮೂವತ್ತೊಂದು ವರ್ಷ ಬಸ್ ಓಡಿಸಿದೀನಿ, ನಂಗೆ ಟೈಮ್ ಹೇಳಿಕೊಡ್ತೀರಾ?"

"ನೀರು ಏರೋದು ಇಳಿಯೋದು ದಿನಾ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗತ್ತೆ. ನಿಮ್ಮ ಬಸ್ ದಿನಾ ಹಾಗೆ ಹೊರಟಿದ್ರೆ?"

"ಪ್ಯಾಸೆಂಜರು ನನ್ನ ಹಿಡ್ಕೊಂಡು ಬಾರಿಸ್ತಿದ್ರು."

"ಸಮುದ್ರಾನ ಹಿಡ್ಕೊಂಡು ಬಾರ್ಸೋರು ಯಾರು? ಏಳು ದಿನಕ್ಕೆ ಎಷ್ಟಾಯ್ತು, ನೀವೇ ಹೇಳಿ."

ಡ್ರೈವರ್ ಬೆರಳು ಮಡಿಸಿದರು. "ಹತ್ತತ್ರ ಆರು ಗಂಟೆ."

"ಹೂಂ. ಹೋದ ವಾರ ಇಳಿದಿದ್ದ ಹೊತ್ತಿಗೆ ಈ ವಾರ ಏರಿರತ್ತೆ."

"ಪಟ್ಟಿ ಬರೆದೋರು ಇಲ್ಲಿಗೆ ಬಂದು ನೋಡಿದಾರಾ?" ಡ್ರೈವರ್ ಗೊಣಗಿದರು.

ಹೆಂಡತಿಯ ಮುಖ ಬಾಡಿತು. "ಮಧ್ಯಾಹ್ನ ಹೋಗ್ಬಹುದಾ ಅಕ್ಕ?"

"ಮೂರಕ್ಕೆ ನೀರು ಇಳಿಯತ್ತಮ್ಮ. ಆದ್ರೆ ದಾಟಿದ ಮೇಲೆ ನಿಮ್ಮ ನಡಿಗೆಗೆ ಇನ್ನೂ ಎರಡೂವರೆ ಗಂಟೆ ಬೇಕು. ಸ್ವಲ್ಪ ತಡವಾದ್ರೂ ಕಡಿದಾದ ಜಾಗದಲ್ಲಿ ಕತ್ತಲಾಗಿಬಿಡತ್ತೆ."

"ಹಾಗಾದ್ರೆ ಟಾರು ರಸ್ತೇಲಿ ಬಸ್ಸಲ್ಲೇ ಹೋಗ್ಬಿಡೋಣ ಬಾರೇ," ಎಂದರು ಡ್ರೈವರ್.

"ಬಸ್ಸಲ್ಲಿ ಹೋಗೋಕೆ ನಾನು ಹತ್ತು ತಿಂಗಳು ಮೆಟ್ಟಿಲು ಹತ್ತಿದ್ನಾ?"

ಸೀಟಿ ಅಕ್ಕ ಎದ್ದರು. "ನನ್ನ ಮಾತೂ ನಂಬಬೇಡಿ, ಪಟ್ಟೀನೂ ನಂಬಬೇಡಿ. ಮೇಲಿನ ಬೇಲಿ ತನಕ ಬನ್ನಿ, ಹತ್ತೇ ನಿಮಿಷ. ಅಲ್ಲಿ ನಿಂತು ಒಂಬತ್ತಾಗೋದನ್ನ ಕಾಯೋಣ."

ಬೇಲಿಯ ಹತ್ತಿರ ಬಂದದ್ದೇ ತಡ, ಡ್ರೈವರ್ ಅದನ್ನು ದಾಟಿ ಬಗ್ಗಿ ನೋಡಲು ಹೊರಟರು. ಸೀಟಿ ಅಕ್ಕ ಅಂಗಿ ಹಿಡಿದು ಎಳೆದರು.

"ಅಂಚಿನ ಹುಲ್ಲು ನೋಡೋಕೆ ಗಟ್ಟಿ. ಕೆಳಗಿನ ಮಣ್ಣನ್ನ ಅಲೆ ಕೊರೆದು ತಿಂದಿರತ್ತೆ. ಈಚೆ ನಿಂತೇ ನೋಡಿ."

ನೀರು ಏರುತ್ತಲೇ ಇತ್ತು. ಮೊದಲು ಮರಳಿನ ಎರಡು ತುದಿ ಮುಚ್ಚಿತು. ನಡುವೆ ಒಂದು ತುಂಡು ಮಾತ್ರ ಉಳಿಯಿತು. ಒಂಬತ್ತಕ್ಕೆ ಅದೂ ಇರಲಿಲ್ಲ. ಹೋದ ವಾರ ತಾವು ಕೂತು ಬೆವರು ಒರೆಸಿಕೊಂಡ ಕಲ್ಲನ್ನು ಡ್ರೈವರ್ ಹುಡುಕಿದರು. ಅದರ ಜಾಗದಲ್ಲಿ ಬಿಳಿ ನೊರೆ ಸಿಡಿಯುತ್ತಿತ್ತು.

"ನಡುವೆ ಸಿಕ್ಕಿಹಾಕ್ಕೊಂಡ್ರೆ?" ಎಂದರು, ಸಣ್ಣ ದನಿಯಲ್ಲಿ.

"ಎರಡೂ ಕಡೆ ನೀರು, ಹಿಂದೆ ಗೋಡೆ ಥರ ಬಂಡೆ. ಗಟ್ಟಿ ಕಾಲಿನೋರಿಗೂ ಹತ್ತೋಕಾಗಲ್ಲ."

ಡ್ರೈವರ್ ಹೆಂಡತಿಯ ಮಂಡಿ ನೋಡಿದರು. "ನಾನೇ ಕೈ ಹಿಡಿದು ನಿನ್ನ ಅಲ್ಲಿಗೆ ಇಳಿಸ್ತಿದ್ದೆ ಕಣೇ."

"ಇಳಿಸ್ಲಿಲ್ವಲ್ಲ, ಮುಖ ಸರಿ ಮಾಡ್ಕೊಳ್ಳಿ," ಎಂದರು ಹೆಂಡತಿ. ಕಣ್ಣು ಮಾತ್ರ ದೀಪಸ್ತಂಭದ ಮೇಲೇ ಇತ್ತು. "ನಾನಂತೂ ಬಿಡೋಳಲ್ಲ. ಅಕ್ಕ, ಬರೋ ಭಾನುವಾರ ಎಷ್ಟಕ್ಕೆ ಇಳಿಯತ್ತೆ?"

"ಎಂಟೂವರೆಗೆ. ಏಳಕ್ಕೇ ಹೊರಡಿ. ನೀರು ಇನ್ನೂ ಇಳೀತಿರೋವಾಗ್ಲೇ ದಾಟಿಬಿಡಿ, ಏರೋಕೆ ಶುರುವಾದ ಮೇಲೆ ಆಟ ಬೇಡ. ಹವಾ ಕೆಟ್ಟಿದ್ರೆ ಆವತ್ತೂ ಕಳಿಸಲ್ಲ ನಾನು."

ಮುಂದಿನ ಭಾನುವಾರ ಆಕಾಶ ತಿಳಿಯಾಗಿತ್ತು. ಏಳಕ್ಕೆ ಇಬ್ಬರೂ ಹಾಜರು. ಡ್ರೈವರ್ ಕಾಲಲ್ಲಿ ತಳದಲ್ಲಿ ಹಲ್ಲಿರುವ, ಜಾರದ ಶೂ, ಚೀಲದಲ್ಲಿ ನಾಲ್ಕು ಬಾಟಲಿ ನೀರು, ಮಂಡಿಗೆ ಕಟ್ಟುವ ಬಟ್ಟೆ, ಚಾರ್ಜ್ ತುಂಬಿದ ಫೋನು, ಕಸಕ್ಕೆಂದೇ ಒಂದು ಖಾಲಿ ಚೀಲ. ಯಾರೂ ಹೇಳುವ ಮೊದಲೇ ಪುಸ್ತಕ ಎಳೆದುಕೊಂಡು ಇಬ್ಬರ ಹೆಸರು, ಹೋಗುವ ದಾರಿ, ತಲುಪುವ ಹೊತ್ತು ಬರೆದರು.

"ಹನ್ನೊಂದರೊಳಗೆ ಫೋನ್ ಬರದಿದ್ರೆ ಜನ ಕಳಿಸ್ತೀನಿ," ಎಂದರು ಸೀಟಿ ಅಕ್ಕ. "ವಾಪಸ್ ಬರೋದು ಮಾತ್ರ ರಸ್ತೇಲಿ ಬಸ್ಸಿಗೆ, ಅಷ್ಟೊತ್ತಿಗೆ ಮರಳು ಮುಳುಗಿರತ್ತೆ. ದಾರಿ ಪಕ್ಕ ನೆಲದಲ್ಲೇ ಗೂಡು ಕಟ್ಟಿರೋ ಹಕ್ಕಿಗಳಿವೆ, ಗುರುತು ಹಾಕಿದ ದಾರಿ ಬಿಡಬೇಡಿ."

ಎಂಟಕ್ಕೆ ಒದ್ದೆ ಮರಳು ದಾಟಿದರು. ಆಮೇಲಿನ ಏರು ಕಷ್ಟದ್ದು. ಒಂದು ತಿರುವಿನಲ್ಲಿ ಮಂಡಿ ಉರಿದು ಹೆಂಡತಿ ಕಲ್ಲಿನ ಮೇಲೆ ಕೂತರು.

"ಸಾಕಾ? ವಾಪಸ್ ಹೋಗೋಣ್ವಾ? ನೀರು ಏರೋಕೆ ಇನ್ನೂ ಹೊತ್ತಿದೆ," ಎಂದರು ಡ್ರೈವರ್. ಈ ಸಲ ಗಡಿಯಾರ ನೋಡಿಯೇ ಕೇಳಿದ ಮಾತು.

"ಹತ್ತು ನಿಮಿಷ ಕೊಡಿ. ಆಗಲ್ಲ ಅನ್ಸಿದ್ರೆ ನಾನೇ ಹೇಳ್ತೀನಿ, ಬಾಯ್ಮುಚ್ಕೊಂಡು ಸಹಿಸ್ಕೊಳ್ಳಲ್ಲ." ನೀರು ಕುಡಿದರು, ಮಂಡಿಗೆ ಬಟ್ಟೆ ಬಿಗಿದರು, ಕೋಲೂರಿ ಎದ್ದರು.

ಹತ್ತು ಗಂಟೆ ನಲವತ್ತಕ್ಕೆ ಶೆಡ್ಡಿನ ಫೋನು ರಿಂಗಣಿಸಿತು.

"ಅಕ್ಕ, ನಾನು. ಲೈಟ್‌ಹೌಸ್ ಗೋಡೆಗೆ ಒರಗಿ ನಿಂತಿದೀನಿ. ಬಿಸಿಲಿಗೆ ಬೆಚ್ಚಗಿದೆ. ಇವರು ಯಾರೋ ಬಿಸಾಕಿದ ಬಾಟಲಿ ಹೆಕ್ತಾ, ಬಿಸಾಕಿದೋರನ್ನ ಬಯ್ತಾ ಇದ್ದಾರೆ."

ಸೀಟಿ ಅಕ್ಕ ಇಬ್ಬರ ಹೆಸರಿನ ಮುಂದೆ "ತಲುಪಿದರು" ಎಂದು ಬರೆದರು.

ನೀವೂ ಕಡಲ ದಾರಿ ನಡೆಯಬೇಕು ಅಂದುಕೊಂಡಿದ್ದೀರಲ್ಲವೆ? ಖಂಡಿತ ನಡೆಯಿರಿ. ಆದರೆ ಹೊರಡುವ ದಿನದ್ದೇ ಉಬ್ಬರ-ಇಳಿತದ ಪಟ್ಟಿ ನೋಡಿ, ಹವಾಮಾನ ಕೇಳಿ, ಕಾಲಿಗೆ ಸರಿಯಾದ ಶೂ ಹಾಕಿ. ಅಂಚಿಗೆ ಹೋಗಿ ಫೋಟೋ ತೆಗೆಯಬೇಡಿ, ಒಯ್ದದ್ದನ್ನೆಲ್ಲ ವಾಪಸ್ ತನ್ನಿ. ಯಾವ ದಾರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಒಬ್ಬರಿಗಾದರೂ ಹೇಳಿ ಹೊರಡಿ. ತಡವಾದರೆ ಹುಡುಕಿಕೊಂಡು ಬರಲು ಅವರಿಗೆ ಅಷ್ಟು ಗೊತ್ತಿದ್ದರೆ ಸಾಕು.